ಉಣುಗಿನ ಜೊಲ್ಲಿನಿಂದ ಬಿಳಿ ರಕ್ತಕಣದೊಳಕ್ಕೆ

14 ಜುಲೈ 2024, ಭಾನುವಾರ

ದನದ ರಕ್ತದಲ್ಲಿ ಪರಾವಲಂಬಿ ಇದೆ ಎಂದಷ್ಟೇ ಹೇಳಿದರೆ ಅರ್ಧ ಮಾತು. ಯಾವ ಕಣದೊಳಗಿದೆ, ಅಲ್ಲಿ ಏನು ಮಾಡುತ್ತಿದೆ ಎನ್ನುವುದು ಗೊತ್ತಾದ ಮೇಲೆಯೇ ಯಾವ ಮಾದರಿ ತೆಗೆಯಬೇಕು, ಯಾವ ಔಷಧ ಹಿಡಿಯಬೇಕು ಎಂಬುದು ಖಚಿತವಾಗುವುದು. ಟ್ರಿಪನೊಸೋಮಾ ಇವಾನ್ಸಿ ರಕ್ತದ ದ್ರವದಲ್ಲೇ ಈಜಾಡಿಕೊಂಡಿರುತ್ತದೆ, ಕಣಗಳೊಳಕ್ಕೆ ಹೋಗುವುದಿಲ್ಲ. ಬೆಬೀಸಿಯಾ ನೇರವಾಗಿ ಕೆಂಪು ರಕ್ತಕಣ ಹೊಗುತ್ತದೆ. ಥೈಲೇರಿಯಾ ಮೊದಲು ಬಿಳಿ ರಕ್ತಕಣಕ್ಕೆ, ಆಮೇಲೆ ಕೆಂಪು ಕಣಕ್ಕೆ.

ಬೆಬೀಸಿಯಾ ಬಲವಂತವಾಗಿ ನುಗ್ಗುವ ಜಾತಿ. ಕೆಂಪು ಕಣಕ್ಕೆ ತಗುಲಿದ ಕೂಡಲೇ ತಿರುಗಿಕೊಂಡು ತನ್ನ ಚೂಪು ತುದಿಯನ್ನು ಕಣದ ಪೊರೆಗೆ ಒತ್ತುತ್ತದೆ. ಆ ತುದಿಯಲ್ಲಿರುವ ಚೀಲಗಳಿಂದ ಪ್ರೋಟೀನುಗಳನ್ನು ಸುರಿದು ಪೊರೆಗೆ ಬಿಗಿಯಾಗಿ ಅಂಟಿಕೊಂಡು, ತನ್ನದೇ ಆಕ್ಟಿನ್-ಮಯೋಸಿನ್ ಬಲದಿಂದ ಒಳಕ್ಕೆ ತಳ್ಳಿಕೊಳ್ಳುತ್ತದೆ. ಒಳಗೆ ಇಬ್ಭಾಗವಾಗಿ, ಕಣ ಒಡೆದು ಹೊರಬರುತ್ತದೆ. ಒಡೆದ ಕಣಗಳ ಹಿಮೋಗ್ಲೋಬಿನ್ ಮೂತ್ರಕ್ಕೆ ಇಳಿಯುವುದರಿಂದಲೇ ಮೂತ್ರ ಕೆಂಪಾಗುವುದು.

ಥೈಲೇರಿಯಾದ ದಾರಿ ಬೇರೆ, ಮತ್ತು ನನ್ನ ಮಟ್ಟಿಗೆ ಪರಾವಲಂಬಿಗಳ ಲೋಕದಲ್ಲೇ ಅತ್ಯಂತ ಬೆರಗಿನದು. ಉಣುಗಿನ ಜೊಲ್ಲಿನಲ್ಲಿ ಬರುವ ಇದರ ಸೋಂಕು ದಾಟಿಸುವ ರೂಪವಾದ ಸ್ಪೋರೋಜೋಯಿಟ್‌ಗೆ ಚಲನೆಯೇ ಇಲ್ಲ. ತಿರುಗಿಕೊಳ್ಳುವ ಅಗತ್ಯವೂ ಇಲ್ಲ, ಯಾವ ಮಗ್ಗುಲು ತಗುಲಿದರೂ ಸರಿ. ಅದರ ಮೈಮೇಲಿನ ಪ್ರೋಟೀನುಗಳು ಬಿಳಿ ಕಣದ ಪೊರೆಯನ್ನು ಹಿಡಿದ ಮೇಲೆ ಎರಡು ಪೊರೆಗಳೂ ಜಿಪ್ ಎಳೆದಂತೆ ಒಂದಕ್ಕೊಂದು ಕೂಡುತ್ತಾ ಹೋಗಿ, ಕೆಲವೇ ನಿಮಿಷಗಳಲ್ಲಿ ಪರಾವಲಂಬಿ ಒಳಗಿರುತ್ತದೆ. ಪ್ರಯೋಗಾಲಯದಲ್ಲಿ ಮಂಜುಗಡ್ಡೆಯ ತಂಪಿನಲ್ಲಿಟ್ಟರೆ ಅಂಟಿಕೊಳ್ಳುತ್ತದೆ, ಒಳಹೋಗುವುದಿಲ್ಲ. ಬೆಚ್ಚಗೆ ಮಾಡಿದ ಮೇಲೆಯೇ ಪ್ರವೇಶ.

ಒಳಹೊಕ್ಕಾಗ ಸುತ್ತ ಕಣದ ಪೊರೆಯ ಒಂದು ಹೊದಿಕೆ ಇರುತ್ತದೆ. ಹಾಗೇ ಬಿಟ್ಟರೆ ಬಿಳಿ ಕಣ ಅದಕ್ಕೆ ಜೀರ್ಣರಸ ಸೇರಿಸಿ ಪರಾವಲಂಬಿಯನ್ನು ಅರಗಿಸಿಬಿಡುತ್ತದೆ. ಥೈಲೇರಿಯಾ ಆ ಹೊದಿಕೆಯನ್ನು ಬೇಗನೆ ಕರಗಿಸಿ, ಕೋಶದ್ರವದಲ್ಲಿ ಬರಿಮೈಯಲ್ಲಿ ನಿಲ್ಲುತ್ತದೆ. ಕೂಡಲೇ ಕಣದ ಸೂಕ್ಷ್ಮನಾಳಿಕೆಗಳು ಅದರ ಸುತ್ತ ಸೇರುತ್ತವೆ. ಅಲ್ಲಿಂದ ಅದು ಹಲವು ನ್ಯೂಕ್ಲಿಯಸ್‌ಗಳ ಸ್ಕಿಜಾಂಟ್ ಆಗಿ ಬೆಳೆದು, ಕಣವನ್ನು ಸಾಯದಂತೆ ಕಾಯುವ, ನಿಲ್ಲದೆ ವಿಭಜಿಸುವಂತೆ ಮಾಡುವ ಸಂಕೇತಗಳನ್ನು ಚಾಲೂ ಮಾಡುತ್ತದೆ. ಕಣ ಇಬ್ಭಾಗವಾಗುವಾಗ ಸ್ಕಿಜಾಂಟ್, ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ವಿಭಜನೆಯ ಕದಿರಿಗೇ ಅಂಟಿಕೊಂಡು ತಾನೂ ಎರಡಾಗುತ್ತದೆ. ಹಾಗಾಗಿ ಎರಡೂ ಮರಿಕಣಗಳು ಸೋಂಕಿನೊಂದಿಗೇ ಹುಟ್ಟುತ್ತವೆ. ದುಗ್ಧಗ್ರಂಥಿ (ಬಿಳಿ ಕಣಗಳು ಸೇರುವ ಲಿಂಫ್ ಗ್ರಂಥಿ) ಊದುವುದು ಇದರಿಂದಲೇ. ಕ್ಯಾನ್ಸರ್ ಕಣದಂತೆ ವರ್ತಿಸುವ ಈ ಕಣಗಳು, ಔಷಧ ಕೊಟ್ಟು ಒಳಗಿನ ಪರಾವಲಂಬಿಯನ್ನು ಕೊಂದರೆ ವಿಭಜನೆ ನಿಲ್ಲಿಸುತ್ತವೆ.

ಥೈಲೇರಿಯಾದಲ್ಲಿ ಮುಖ್ಯವಾಗಿ ಎರಡು ಪ್ರಭೇದ. ಪೂರ್ವ ಮತ್ತು ದಕ್ಷಿಣ ಆಫ್ರಿಕಾ ಭಾಗದ ಥೈಲೇರಿಯಾ ಪಾರ್ವಾ ಬಿಳಿ ಕಣಗಳಲ್ಲಿ ಒಂದು ಬಗೆಯಾದ ಲಿಂಫೋಸೈಟ್‌ಗಳನ್ನು ಹಿಡಿಯುತ್ತದೆ, ರಿಪಿಸೆಫಾಲಸ್ ಅಪೆಂಡಿಕ್ಯುಲೇಟಸ್ ಉಣುಗು ಅದನ್ನು ಹರಡುತ್ತದೆ. ಉತ್ತರ ಆಫ್ರಿಕಾದಿಂದ ಭಾರತದವರೆಗೆ ಹರಡಿರುವ ಥೈಲೇರಿಯಾ ಅನ್ಯುಲೇಟಾ ಹೆಚ್ಚಾಗಿ ಮ್ಯಾಕ್ರೋಫೇಜ್ ಮತ್ತು ಬಿ-ಕಣ ಎಂಬ ಬಿಳಿ ಕಣಗಳನ್ನು ಹಿಡಿಯುತ್ತದೆ, ವಾಹಕ ಹಯಲೋಮಾ ಉಣುಗು. ಅನ್ಯುಲೇಟಾದಲ್ಲಿ ಗ್ರಂಥಿ ಊತ, ಜ್ವರಗಳ ಜೊತೆಗೆ ರಕ್ತಹೀನತೆ, ಕಾಮಾಲೆಯೂ ಬರುತ್ತದೆ.

ಉಣುಗು ಕಚ್ಚಿದ ಕ್ಷಣಕ್ಕೇ ಸೋಂಕು ದಾಟುವುದು ಅಪರೂಪ. ಸಾಮಾನ್ಯವಾಗಿ ಅದು ರಕ್ತ ಹೀರಲು ತೊಡಗಿದ ಮೇಲೆ ಎರಡರಿಂದ ನಾಲ್ಕು ದಿನಗಳಲ್ಲಿ ಜೊಲ್ಲುಗ್ರಂಥಿಯೊಳಗೆ ಸ್ಪೋರೋಜೋಯಿಟ್‌ಗಳು ಪಕ್ವವಾಗುತ್ತವೆ. ದಿನಾ ಕಿವಿಯೊಳಗೆ, ಕೆಚ್ಚಲ ಸುತ್ತ, ಬಾಲದ ಬುಡದಲ್ಲಿ ತಡವಿ ಉಣುಗು ತೆಗೆಯುವುದಕ್ಕೆ ಬೆಲೆ ಇರುವುದು ಈ ಕಾರಣಕ್ಕೆ.

ಪರೀಕ್ಷೆಯಲ್ಲಿ ಎಡವುವುದು ಹೆಚ್ಚಾಗಿ ಮಾದರಿಯಲ್ಲಿ. ಜ್ವರದ ಮೊದಲ ದಿನಗಳಲ್ಲಿ ಪರಾವಲಂಬಿ ಬಿಳಿ ಕಣಗಳಲ್ಲೇ ಇರುತ್ತದೆ, ಕೆಂಪು ಕಣಕ್ಕೆ ಇನ್ನೂ ದಾಟಿರುವುದಿಲ್ಲ. ಆಗ ರಕ್ತಲೇಪ (ಸ್ಲೈಡಿನ ಮೇಲೆ ಹರಡಿದ ರಕ್ತ) ನೋಡಿ ‘ಏನೂ ಇಲ್ಲ’ ಎಂದು ಬರೆದರೆ ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ. ಇದಕ್ಕೆ ತದ್ವಿರುದ್ಧವಾಗಿ, ಎಂದೋ ಗುಣವಾದ ದನದ ಕೆಂಪು ಕಣಗಳಲ್ಲೂ ಕೆಲವು ಪರಾವಲಂಬಿಗಳು ಉಳಿದಿರುತ್ತವೆ. ಅವು ಕಂಡ ಮಾತ್ರಕ್ಕೆ ಇವತ್ತಿನ ಜ್ವರಕ್ಕೆ ಅವೇ ಕಾರಣವೆನ್ನಲಾಗದು.

ಆದ್ದರಿಂದ ಊದಿದ ಗ್ರಂಥಿಯಿಂದಲೇ ತೆಗೆಯಬೇಕು. ಹೆಗಲ ಮುಂದಿನ ಗ್ರಂಥಿ ಕೈಗೆ ಸುಲಭ. ಕೂದಲು ಕತ್ತರಿಸಿ, ಸ್ಪಿರಿಟ್ ಒರೆಸಿ ಒಣಗಲು ಬಿಡಿ. ಗ್ರಂಥಿಯನ್ನು ಬೆರಳುಗಳ ನಡುವೆ ಗಟ್ಟಿಯಾಗಿ ಹಿಡಿದು 18 ಅಥವಾ 20 ಗೇಜ್ ಸೂಜಿ ಚುಚ್ಚಿ, ಸಿರಿಂಜ್ ಎಳೆದು, ಸೂಜಿಯ ದಿಕ್ಕನ್ನು ಸ್ವಲ್ಪ ಬದಲಿಸಿ. ಹೊರತೆಗೆಯುವ ಮುನ್ನ ಪಿಸ್ಟನ್ ಸಡಿಲ ಬಿಡಬೇಕು, ಇಲ್ಲವಾದರೆ ಸಿಕ್ಕಿದ ಹನಿ ಸಿರಿಂಜಿನೊಳಕ್ಕೆ ಚಿಮ್ಮಿ ಕೈಗೆ ಏನೂ ಬರುವುದಿಲ್ಲ. ಸ್ಲೈಡಿನ ಮೇಲೆ ಹಗುರಾಗಿ ಹರಡಿ. ಒತ್ತಿದರೆ ಕಣಗಳು ಜಜ್ಜಿ, ನ್ಯೂಕ್ಲಿಯಸ್‌ನ ಚೂರು ಯಾವುದು, ಸ್ಕಿಜಾಂಟ್ ಯಾವುದು ಎಂದು ತಿಳಿಯದು. ಗಾಳಿಯಲ್ಲಿ ಒಣಗಿಸಿ, ಮೆಥನಾಲ್‌ನಲ್ಲಿ 3ರಿಂದ 5 ನಿಮಿಷ, ಆಮೇಲೆ 10% ಜೀಮ್ಸಾ ಬಣ್ಣದಲ್ಲಿ 30 ನಿಮಿಷ. ಬಣ್ಣ ಬೆರೆಸುವ ನೀರಿನ ಪಿಎಚ್ 7.2 ಇರಲಿ. ಆಮ್ಲೀಯ ನೀರಾದರೆ ಎಲ್ಲವೂ ಗುಲಾಬಿಯಾಗಿ ನ್ಯೂಕ್ಲಿಯಸ್‌ಗಳು ಮಂಕಾಗುತ್ತವೆ. ಎಣ್ಣೆ ಲೆನ್ಸಿನಡಿ, ನೀಲಿ ಹಿನ್ನೆಲೆಯಲ್ಲಿ ನೇರಳೆಗೆಂಪು ಚುಕ್ಕೆಗಳ ಗುಂಪು ಬಿಳಿ ಕಣದೊಳಗೆ ಕಂಡರೆ ಅದೇ ಸ್ಕಿಜಾಂಟ್, ಕಾಕ್‌ನ ನೀಲಿ ಕಾಯಗಳು ಎಂದು ಕರೆಯುವುದು ಇವನ್ನೇ.

ಬೆಬೀಸಿಯಾಗೆ ಕೊಡುವ ಡೈಮಿನಜೀನ್ ಸ್ಕಿಜಾಂಟನ್ನು ಕೊಲ್ಲದು. ಇದಕ್ಕೆ ಬೇಕಿರುವುದು ಪರಾವಲಂಬಿಯ ಮೈಟೊಕಾಂಡ್ರಿಯಾಕ್ಕೆ ಹೊಡೆಯುವ ಬುಪಾರ್ವಕ್ವೋನ್, ಕಿಲೋ ತೂಕಕ್ಕೆ 2.5 ಮಿ.ಗ್ರಾಂ, ಕುತ್ತಿಗೆಯ ಸ್ನಾಯುವಿನಲ್ಲಿ ಆಳವಾಗಿ. ರೋಗ ಜೋರಿದ್ದರೆ 48ರಿಂದ 72 ಗಂಟೆಗಳ ನಂತರ ಪಶುವೈದ್ಯರು ಇನ್ನೊಮ್ಮೆ ಕೊಡುತ್ತಾರೆ. ಪರಾವಲಂಬಿಯ ಸೈಟೊಕ್ರೋಮ್ ಬಿ ಜೀನ್ ಬದಲಾಗಿ ಈ ಔಷಧಕ್ಕೂ ಜಗ್ಗದ ತಳಿಗಳು ಈಗಾಗಲೇ ಕಂಡುಬಂದಿವೆ. ಹಾಗಾಗಿ ಕಣ್ಣಂದಾಜಿನ ಡೋಸು ಬೇಡ, ಟೇಪು ಹಿಡಿಯಿರಿ: ಎದೆ ಸುತ್ತಳತೆಯ ವರ್ಗವನ್ನು ಮೈಯುದ್ದದಿಂದ ಗುಣಿಸಿ, ಎರಡೂ ಸೆಂ.ಮೀ.ನಲ್ಲಿ, 10,840ರಿಂದ ಭಾಗಿಸಿದರೆ ಕಿಲೋದಲ್ಲಿ ತೂಕದ ಅಂದಾಜು ಸಿಗುತ್ತದೆ. ಸುತ್ತಳತೆ 160, ಉದ್ದ 130 ಇದ್ದರೆ ಸುಮಾರು 307 ಕಿಲೋ. ಮಿ.ಲೀ.ಗೆ 50 ಮಿ.ಗ್ರಾಂ ಇರುವ ಬಾಟಲಿಯಿಂದ 15 ಮಿ.ಲೀ.ಗೆ ತುಸು ಹೆಚ್ಚು, ಎರಡು ಕಡೆ ಹಂಚಿ. ಅದೇ ದನವನ್ನು 200 ಕಿಲೋ ಎಂದುಕೊಂಡು 10 ಮಿ.ಲೀ. ಚುಚ್ಚಿದರೆ ಮೂರರಲ್ಲೊಂದು ಪಾಲು ಔಷಧ ಕಡಿಮೆಯಾಯಿತು.