ಒಬ್ಬನೇ ಕೋರಸ್: 'ಆಲ್ ಥಿಂಗ್ಸ್ ಮಸ್ಟ್ ಪಾಸ್' ಎಲ್ಲಿಗೆ ಬಂತು

ಬೀಟಲ್ಸ್ ಬ್ಯಾಂಡಿನ ಜಾರ್ಜ್ ಹ್ಯಾರಿಸನ್‌ನ 'ಆಲ್ ಥಿಂಗ್ಸ್ ಮಸ್ಟ್ ಪಾಸ್' ಆಲ್ಬಂನಿಂದ ನನಗಿಷ್ಟವಾದ ಹಾಡುಗಳನ್ನು ಮನೆಯಲ್ಲೇ, ಒಬ್ಬನೇ ನುಡಿಸಿ ರೆಕಾರ್ಡ್ ಮಾಡುತ್ತಿದ್ದೇನೆ. 'ಮೈ ಸ್ವೀಟ್ ಲಾರ್ಡ್'ನ ಗಿಟಾರ್ ಕೆಲಸ ಹೆಚ್ಚುಕಮ್ಮಿ ಮುಗಿಯಿತು. ಈಗ ಕೋರಸ್‌ನಲ್ಲಿ ಸಿಕ್ಕಿಕೊಂಡಿದ್ದೇನೆ.

ಎರಡನೇ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕಿದರೆ ಇ ಮೈನರ್, ಎ ಕಾರ್ಡ್ ಶೇಪ್‌ಗಳಲ್ಲೇ ಶುರು ಮಾಡಬಹುದು. ಮೂಲದಲ್ಲಿ ಬ್ಯಾಡ್‌ಫಿಂಗರ್ ಬ್ಯಾಂಡಿನವರೂ ಸೇರಿ ಹಲವರು ಒಟ್ಟಿಗೆ ಅಕೂಸ್ಟಿಕ್ ಗಿಟಾರ್ ಬಾರಿಸಿದ್ದಾರೆ. ನನ್ನ ಹತ್ತಿರ ಇರುವುದು ಒಂದೇ. ಅದನ್ನೇ ಮತ್ತೆ ಮತ್ತೆ ನುಡಿಸಿ ಎಡಕ್ಕೆ, ಬಲಕ್ಕೆ ಹಂಚಿದೆ. ಸುಮ್ನೆ ಕಾಪಿ ಮಾಡಿ ಅಂಟಿಸಿದರೆ ಸದ್ದು ಜೋರಾಗುತ್ತದೆ ಅಷ್ಟೆ, ತುಂಬಿಕೊಳ್ಳುವುದಿಲ್ಲ. ಪ್ರತಿ ಸಲ ಕೈ ಒಂಚೂರು ಹಿಂದೆಮುಂದೆ ಆಗಬೇಕು.

ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವ ಸ್ಲೈಡ್ ಸತಾಯಿಸಿತು. ಬೆರಳಿಗೆ ಹಾಕಿದ ಗಾಜಿನ ಕೊಳವೆ ಫ್ರೆಟ್ ಕಂಬಿಯ ನೇರಕ್ಕೇ ನಿಲ್ಲಬೇಕು. ಕೂದಲೆಳೆಯಷ್ಟು ಹಿಂದಾದರೂ ಸ್ವರ ಇಳಿಯುತ್ತದೆ. ಅದರ ಮೇಲೆ ಹಾರ್ಮನಿಯ ಇನ್ನೊಂದು ಲೈನ್ ಬೇರೆ ಕೂರಿಸಬೇಕು. ಎರಡೂ ಒಟ್ಟಿಗೆ ಜಾರಿ ಒಟ್ಟಿಗೆ ನಿಂತರೆ ಮಾತ್ರ ಆ ಹಾಡು ಅನ್ನಿಸುತ್ತದೆ.

ಇನ್ನು ಕೋರಸ್. ಆಲ್ಬಂನಲ್ಲಿ ಇದಕ್ಕೆ 'ಜಾರ್ಜ್ ಓಹಾರಾ-ಸ್ಮಿತ್ ಸಿಂಗರ್ಸ್' ಎಂದು ಹೆಸರು ಹಾಕಿದ್ದಾರೆ. ದೊಡ್ಡ ಮೇಳ ಅಂದುಕೊಂಡರೆ, ಹ್ಯಾರಿಸನ್ ತನ್ನದೇ ದನಿಯನ್ನು ಪದರ ಪದರವಾಗಿ ಸೇರಿಸಿದ್ದು! ಇದು ಗೊತ್ತಾದ ಮೇಲೆಯೇ ನನಗೂ ಧೈರ್ಯ ಬಂದದ್ದು. ಮೊದಲಿಗೆ ಎಲ್ಲ ಪದರವನ್ನೂ ಮೈಕ್‌ಗೆ ಬಾಯಿಟ್ಟು ಹಾಡಿದೆ, ಒಬ್ಬನೇ ಕಿರುಚಿದ ಹಾಗಿತ್ತು. ಈಗ ಒಂದೊಂದು ಪದರಕ್ಕೂ ಜಾಗ ಬದಲಿಸುತ್ತೇನೆ. ಒಮ್ಮೆ ಮೈಕ್ ಹತ್ತಿರ, ಒಮ್ಮೆ ಬಾಗಿಲ ಬಳಿ, ಒಮ್ಮೆ ಗೋಡೆಗೆ ಮುಖ ಮಾಡಿ. ಗುಂಪು ಹಾಡಿದಂತೆ ಕೇಳಿಸತೊಡಗಿದೆ.

ಕ್ರೈಸ್ತರ 'ಹಲ್ಲೆಲೂಯಾ' ಎನ್ನುತ್ತಿದ್ದ ಕೋರಸ್ ಗೊತ್ತೇ ಆಗದಂತೆ 'ಹರೇ ಕೃಷ್ಣ'ಕ್ಕೆ ಹೊರಳುತ್ತದೆ. ಕೇಳುವವರೂ ಹಾಗೇ ಜೊತೆಗೆ ಹಾಡಿಕೊಂಡು ಬಂದುಬಿಡಲಿ ಎನ್ನುವುದೇ ಹ್ಯಾರಿಸನ್‌ನ ಉಪಾಯ. ಕೊನೆಗೆ 'ಗುರುರ್ಬ್ರಹ್ಮ' ಶ್ಲೋಕವೂ ಬರುತ್ತದೆ. ಬಾಯಿಪಾಠ ಇರುವುದರಿಂದ ಸುಲಭ ಅಂದುಕೊಂಡಿದ್ದೆ. ಆದರೆ ನಾಲಿಗೆ ಶಾಲೆಯ ಪ್ರಾರ್ಥನೆಯ ಎಳೆತಕ್ಕೇ ಓಡುತ್ತದೆ, ಡ್ರಮ್ಸ್ ಮುಂದೆ ಹೋಗಿಬಿಡುತ್ತದೆ! ಪದ ಬಿಡಿಸಿ, ತಾಳ ಹಾಕಿಕೊಂಡು ಹೊಸದಾಗಿ ಕಲಿಯುತ್ತಿದ್ದೇನೆ.

ಮುಖ್ಯ ದನಿ ಇನ್ನೂ ಮುಟ್ಟಿಲ್ಲ. ಇದನ್ನು ಶಾಂತ ಭಜನೆಯಂತೆ ಹಾಡುವವರೇ ಜಾಸ್ತಿ, ನನಗದು ಒಪ್ಪಿಗೆ ಇಲ್ಲ. ಆ ದನಿಯಲ್ಲಿರುವುದು ಆತುರ. ದಾಸರು ದೇವರ ಜೊತೆ ಜಗಳಕ್ಕೆ ನಿಲ್ಲುತ್ತಾರಲ್ವಾ, ಹಾಗೆ. 1970ರ ಆ ವರ್ಷ ಬೀಟಲ್ಸ್ ಮುರಿದುಬಿದ್ದಿತ್ತು. ರೆಕಾರ್ಡಿಂಗ್ ನಡೆಯುತ್ತಿದ್ದಾಗಲೇ, ಜುಲೈನಲ್ಲಿ, ಹ್ಯಾರಿಸನ್‌ನ ಅಮ್ಮ ತೀರಿಕೊಂಡರು. ಕೋರಸ್ ಅಲುಗಾಡದೆ ನಿಂತರೆ ಮೇಲಿನ ದನಿ ಚಡಪಡಿಸಬಹುದು. ಅದಕ್ಕೇ ಕೋರಸ್ ಮೊದಲು.

ಎಕೋ ಎಷ್ಟು ಹಾಕಬೇಕು ಎನ್ನುವುದೂ ಬಾಕಿ. ಪ್ರೊಡ್ಯೂಸರ್ ಫಿಲ್ ಸ್ಪೆಕ್ಟರ್ ಧಾರಾಳವಾಗಿ ಸುರಿದಿದ್ದ. 2001ರ ಮರುಬಿಡುಗಡೆ ಹೊತ್ತಿಗೆ ಹ್ಯಾರಿಸನ್‌ಗೇ ಅದು ಅತಿಯಾಯಿತು ಅನ್ನಿಸಿತ್ತು. ನಾನು ಕೋರಸ್‌ಗೆ ಮಾತ್ರ ಸ್ವಲ್ಪ ಹಾಕಿ, ಸ್ಲೈಡನ್ನು ಒಣದಾಗಿಯೇ ಬಿಡುತ್ತೇನೆ. ಮುಂದಿನದು 'ಇಸಂಟ್ ಇಟ್ ಎ ಪಿಟಿ', ಅದೂ ಏಳು ನಿಮಿಷದ ಉದ್ದನೆಯದೇ.