ಯಂತ್ರ ನಿಂತ ದಿನ ರೋಗಿಗೆ ಹೇಳಬೇಕಾದ ಮಾತು

ಮೈಸೂರಿನ ಒಂದು ಕ್ಯಾನ್ಸರ್ ಚಿಕಿತ್ಸಾ ಕೇಂದ್ರದಲ್ಲಿ ನಾನು ವೈದ್ಯಕೀಯ ಭೌತವಿಜ್ಞಾನಿ. ವೈದ್ಯರು ಬರೆದುಕೊಟ್ಟಷ್ಟೇ ವಿಕಿರಣ, ಅವರು ಗುರುತಿಸಿದ ಜಾಗಕ್ಕೇ ತಲುಪುವಂತೆ ಲೆಕ್ಕ ಹಾಕುವುದು ಮತ್ತು ಅದನ್ನು ಕೊಡುವ ಲಿನಾಕ್ ಯಂತ್ರ ಸರಿಯಾಗಿದೆಯೇ ಎಂದು ದಿನವೂ ಪರೀಕ್ಷಿಸುವುದು ನನ್ನ ಕೆಲಸ. ನಮ್ಮ ಕಡೆಯ ಜನ ಕರೆಂಟ್ ಕೊಡಿಸುವುದು ಎನ್ನುವ ಈ ಚಿಕಿತ್ಸೆಗೆ ಮಂಡ್ಯ, ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆಯ ಹಳ್ಳಿಗಳಿಂದ ಬರುವವರು ಐದಾರು ವಾರ, ಸೋಮವಾರದಿಂದ ಶುಕ್ರವಾರದವರೆಗೆ, ದಿನವೂ ಬಂದು ಹೋಗಬೇಕು. ಮೇಜಿನ ಮೇಲೆ ಮಲಗುವುದು ಹತ್ತು ಹದಿನೈದು ನಿಮಿಷ. ವಿಕಿರಣ ಹರಿಯುವ ಹೊತ್ತಿನಲ್ಲಿ ಆ ಕೋಣೆಯಲ್ಲಿ ರೋಗಿಯ ಹೊರತು ಯಾರೂ ಇರುವುದಿಲ್ಲ. ಕಣ್ಣಿಗೆ ಕಾಣದ, ಮೈಗೆ ತಾಗಿದ್ದೂ ತಿಳಿಯದ ಒಂದಕ್ಕೆ ದೇಹವೊಡ್ಡಿ ಅಲುಗಾಡದೆ ಮಲಗುವವರು ನಮ್ಮನ್ನು ನಂಬಿಯೇ ಮಲಗುತ್ತಾರೆ. ಯಂತ್ರ ನಿಂತ ದಿನ ನಾವು ಅವರೊಡನೆ ಹೇಗೆ ಮಾತನಾಡುತ್ತೇವೆ ಎಂಬುದರ ಮೇಲೆ ಆ ನಂಬಿಕೆ ಬಹಳ ಮಟ್ಟಿಗೆ ನಿಂತಿದೆ ಎಂದು ನನಗೆ ಅನ್ನಿಸಿದೆ.

ಮೊದಲ ರೋಗಿ ಬರುವ ಮುನ್ನ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದನ್ನು ರೋಗಿಗಳಾಗಲಿ ಮನೆಯವರಾಗಲಿ ಎಂದೂ ನೋಡಿರುವುದಿಲ್ಲ. ಬೆಳಿಗ್ಗೆ ಯಂತ್ರವನ್ನು ಚಾಲೂ ಮಾಡಿ, ಅದು ಹದಕ್ಕೆ ಬಂದ ಮೇಲೆ ಗೋಡೆಯ ಲೇಸರ್ ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆಯೇ ಎಂದು ನೋಡುತ್ತೇವೆ. ವಿಕಿರಣ ಹರಿಯುತ್ತಿರುವಾಗ ಬಾಗಿಲು ತೆರೆದರೆ ಅದು ತಕ್ಷಣ ನಿಲ್ಲುತ್ತದೆಯೇ ಎಂಬುದನ್ನು ನಿಜವಾಗಿಯೇ ಬಾಗಿಲು ತೆರೆದು ಪರೀಕ್ಷಿಸುತ್ತೇವೆ. ಕ್ಯಾಮೆರಾದಲ್ಲಿ ಮೇಜು ಕಾಣಬೇಕು, ಒಳಗಿನ ಮಾತು ಹೊರಗೆ ಕೇಳಿಸಬೇಕು. ಕೊನೆಗೆ ಮೇಜಿನ ಮೇಲೆ ಅಳತೆಯ ಉಪಕರಣವಿಟ್ಟು, ಗೊತ್ತಾದ ಪ್ರಮಾಣದ ವಿಕಿರಣ ಹರಿಸಿ, ಕೇಳಿದಷ್ಟೇ ಬರುತ್ತಿದೆಯೇ ಎಂದು ಅಳೆಯುತ್ತೇವೆ. ಶೇಕಡಾ 3ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ, ಹೊರಗೆ ಎಷ್ಟು ಜನ ಕಾದಿದ್ದರೂ, ಕಾರಣ ತಿಳಿಯುವವರೆಗೆ ಯಾರನ್ನೂ ಒಳಗೆ ಕರೆಯುವಂತಿಲ್ಲ.

ಇಷ್ಟೆಲ್ಲ ಸರಿಯಿದ್ದರೂ ಯಂತ್ರ ನಡುವೆ ನಿಲ್ಲುತ್ತದೆ. ತಂಪು ಮಾಡುವ ನೀರಿನ ಉಷ್ಣತೆ ಏರಿದರೆ, ವೋಲ್ಟೇಜ್ ಏರಿಳಿದರೆ, ವಿಕಿರಣಕ್ಕೆ ಆಕಾರ ಕೊಡುವ ತೆಳು ಲೋಹದ ಪಟ್ಟಿಗಳಲ್ಲಿ ಒಂದರ ಪುಟ್ಟ ಮೋಟಾರು ಸೋತು ಆ ಪಟ್ಟಿ ತನ್ನ ಜಾಗಕ್ಕೆ ಬರದಿದ್ದರೆ, ಒಳಗಿನ ಇಂಟರ್‌ಲಾಕ್ ಎಂಬ ಸುರಕ್ಷತಾ ಕಾವಲು ವಿಕಿರಣವನ್ನು ಕಡಿದುಹಾಕುತ್ತದೆ. ಇಂಥ ದಿನ ಕಾಯುವ ಬೆಂಚಿನ ಮೇಲೆ ಹರಡುವ ಮಾತುಗಳು ನನಗೆ ಬಾಯಿಪಾಠವಾಗಿವೆ. ‘ಮಿಸನ್ನು ಸುಟ್ಟೋಗದಂತೆ’ ಎಂದು ಒಬ್ಬರು. ‘ನಿನ್ನೆ ನಮ್ಗೆ ಕೊಟ್ಟಿದ್ದು ಸರಿಯಾಗಿತ್ತೋ ಇಲ್ವೋ’ ಎಂದು ಇನ್ನೊಬ್ಬರು. ಮೊದಲ ಬಸ್ಸಿಗೆ ಎದ್ದು, ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಕೌಂಟರಿನಲ್ಲಿ ಸಿಗುವ ಉತ್ತರ ಅನೇಕ ಕಡೆ ‘ಟೆಕ್ನಿಕಲ್ ಪ್ರಾಬ್ಲಮ್, ನಾಳೆ ಬನ್ನಿ’ ಎಂಬಷ್ಟೇ. ನಿನ್ನೆಯ ಚಿಕಿತ್ಸೆಯ ಬಗ್ಗೆ ಅವರು ಕೇಳಿದ ಪ್ರಶ್ನೆ ಅತ್ಯಂತ ನ್ಯಾಯವಾದದ್ದು, ಅದಕ್ಕೆ ಸ್ಪಷ್ಟವಾದ ಉತ್ತರವೂ ಇದೆ. ಆದರೂ ಆ ಉತ್ತರವನ್ನು ಯಾರೂ ಅವರಿಗೆ ಹೇಳಿರುವುದಿಲ್ಲ.

ಉತ್ತರ ಹೀಗಿದೆ. ಲಿನಾಕ್‌ನ ತಲೆಯೊಳಗೆ ವಿಕಿರಣವನ್ನು ಎಣಿಸುವ ಮಾಪಕಗಳು ಎರಡಿವೆ, ಒಂದು ಇನ್ನೊಂದನ್ನು ಅವಲಂಬಿಸಿಲ್ಲ. ಮೊದಲನೆಯದು ತಪ್ಪಿದರೆ ಎರಡನೆಯದು ನಿಲ್ಲಿಸುತ್ತದೆ. ಅರ್ಧಕ್ಕೆ ನಿಂತರೆ ಎಷ್ಟು ಕೊಟ್ಟಾಗಿದೆ, ಎಷ್ಟು ಉಳಿದಿದೆ ಎಂಬುದು ದಾಖಲಾಗಿರುತ್ತದೆ. ರಿಪೇರಿಯಾದ ಮೇಲೆ ಉಳಿದಷ್ಟನ್ನು ಮಾತ್ರ ಕೊಡುತ್ತೇವೆ. ವಿದ್ಯುತ್ತಿನಿಂದ ವಿಕಿರಣ ಹುಟ್ಟಿಸುವ ಯಂತ್ರವಾದ್ದರಿಂದ ಅದು ನಿಂತ ಕ್ಷಣದಲ್ಲೇ ವಿಕಿರಣವೂ ನಿಲ್ಲುತ್ತದೆ, ರೋಗಿಯ ಮೈಯಲ್ಲಿ ಏನೂ ಉಳಿಯುವುದಿಲ್ಲ, ಮನೆಗೆ ಹೋಗಿ ಮೊಮ್ಮಗುವನ್ನು ಎತ್ತಿಕೊಳ್ಳಬಹುದು. ಕೋಬಾಲ್ಟ್ ಯಂತ್ರದ ಬಗೆ ಬೇರೆ: ಅದರ ಆಕರ, ಅಂದರೆ ಒಳಗಿರುವ ವಿಕಿರಣಶೀಲ ಕೋಬಾಲ್ಟ್, ಸದಾ ವಿಕಿರಣ ಸೂಸುತ್ತಲೇ ಇರುವುದರಿಂದ, ಅದು ತನ್ನ ಕವಚದೊಳಕ್ಕೆ ಹಿಂದಿರುಗದೆ ಸಿಕ್ಕಿಕೊಂಡರೆ ರೋಗಿಯನ್ನು ಮೊದಲು ಹೊರಗೆ ಕರೆತಂದು, ಆಮೇಲೆ ಅದನ್ನು ಕೈಯಿಂದ ಒಳಕ್ಕೆ ತಳ್ಳುವ ಕ್ರಮವನ್ನು ಸಿಬ್ಬಂದಿ ಅಭ್ಯಾಸ ಮಾಡಿಕೊಂಡಿರಬೇಕು. ಇವುಗಳಲ್ಲಿ ಯಾವುದೂ ರೈತರಿಗೋ ಕೂಲಿಯವರಿಗೋ ಅರ್ಥವಾಗದ ವಿಷಯವಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್ ಏಕೆ ಟ್ರಿಪ್ ಆಗುತ್ತದೆ ಎಂದು ಮಂಡ್ಯದ ರೈತರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಇಂಟರ್‌ಲಾಕ್ ಎಂದರೆ ಅದೇ ಬಗೆಯ ಕಾವಲು ಎಂದರೆ ಅವರು ತಲೆದೂಗುತ್ತಾರೆ.

ಆದರೆ ‘ಏನೂ ಆಗುವುದೇ ಇಲ್ಲ’ ಎಂದು ಹೇಳುವ ಹಕ್ಕು ನಮಗಿಲ್ಲ. ನಮ್ಮ ವೃತ್ತಿಯಲ್ಲಿರುವ ಯಾರೂ ಮರೆಯಬಾರದ ಯಂತ್ರ ಥೆರಾಕ್-25. ಕೆನಡಾದ ಸರ್ಕಾರಿ ಒಡೆತನದ ಅಣುಶಕ್ತಿ ಕಂಪನಿ ತಯಾರಿಸಿದ ಆ ಯಂತ್ರ 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳಿಗೆ ವಿಪರೀತ ಪ್ರಮಾಣದ ವಿಕಿರಣ ಕೊಟ್ಟಿತು. ಅದಕ್ಕೂ ಹಿಂದಿನ ಮಾದರಿಯಲ್ಲಿದ್ದ ಪ್ರತ್ಯೇಕ ಯಾಂತ್ರಿಕ ಕಾವಲುಗಳನ್ನು ತೆಗೆದುಹಾಕಿ, ಸುರಕ್ಷತೆಯ ಹೊಣೆಯನ್ನು ಸಾಫ್ಟ್‌ವೇರಿಗೆ ಬಿಟ್ಟಿದ್ದರು. 1986ರ ಮಾರ್ಚಿನಲ್ಲಿ ಟೆಕ್ಸಾಸ್‌ನ ಟೈಲರ್ ಎಂಬ ಊರಿನಲ್ಲಿ ಆಪರೇಟರ್ ಒಂದು ಅಕ್ಷರ ತಪ್ಪಾಗಿ ಒತ್ತಿ, ಕೂಡಲೇ ತಿದ್ದಿದರು. ತಿದ್ದುಪಡಿ ಎಂಟು ಸೆಕೆಂಡುಗಳೊಳಗೆ ಆದದ್ದರಿಂದ ಪರದೆಯ ಮೇಲೆ ಕಂಡದ್ದೇ ಒಂದು, ಯಂತ್ರದೊಳಗೆ ಸಿದ್ಧವಾದದ್ದೇ ಇನ್ನೊಂದು ಆಯಿತು. ಪರದೆಯಲ್ಲಿ ‘ಮಾಲ್‌ಫಂಕ್ಷನ್ 54’ ಎಂಬ ಸೂಚನೆ ಬಂತು, ಕೊಟ್ಟಿರುವುದು ಕಡಿಮೆಯಾಗಿದೆ ಎಂಬ ಅಂಕಿಯೂ ಕಂಡಿತು. ಆಪರೇಟರ್ ಮುಂದುವರಿಸುವ ಗುಂಡಿ ಒತ್ತಿದರು. ಒಳಗೆ ರೋಗಿ ನೋವಿನಿಂದ ಮೇಲೇಳಲು ಯತ್ನಿಸುತ್ತಿದ್ದರೂ ಹೊರಗಿನವರಿಗೆ ತಿಳಿಯಲಿಲ್ಲ, ಏಕೆಂದರೆ ಅಂದು ಕ್ಯಾಮೆರಾದ ಸಂಪರ್ಕ ತಪ್ಪಿತ್ತು, ಧ್ವನಿಯ ವ್ಯವಸ್ಥೆ ಕೆಟ್ಟಿತ್ತು. ಆ ರೋಗಿ ಐದು ತಿಂಗಳ ನಂತರ ತೀರಿಕೊಂಡರು. ನನ್ನನ್ನು ಇದಕ್ಕಿಂತಲೂ ಹೆಚ್ಚು ಕಾಡುವುದು ಅದರ ಹಿಂದಿನ ವರ್ಷದ ಘಟನೆ: ಜಾರ್ಜಿಯಾದಲ್ಲಿ ಒಬ್ಬ ಮಹಿಳೆ ಮೇಜಿನಿಂದ ಎದ್ದು ‘ನೀವು ನನ್ನನ್ನು ಸುಟ್ಟಿರಿ’ ಎಂದಾಗ, ಹಾಗಾಗಲು ಸಾಧ್ಯವೇ ಇಲ್ಲ ಎಂಬ ಉತ್ತರ ಅವರಿಗೆ ಸಿಕ್ಕಿತು. ಅವರ ಮಾತನ್ನು ಅಂದೇ ನಂಬಿ ವಿಚಾರಿಸಿದ್ದರೆ ಮುಂದಿನವರು ಉಳಿಯುತ್ತಿದ್ದರೇನೋ. ಕೊನೆಗೆ ದೋಷವನ್ನು ಹಿಡಿದದ್ದು ಟೈಲರ್ ಆಸ್ಪತ್ರೆಯ ಭೌತವಿಜ್ಞಾನಿ. ಅವರು ಆಪರೇಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಸೂಚನೆ ಮರಳಿ ಬರುವವರೆಗೆ ಬಿಡದೆ ಪ್ರಯತ್ನಿಸಿದರು. ಬೆಳಗಿನ ಪರೀಕ್ಷೆಯಲ್ಲಿ ಕ್ಯಾಮೆರಾ, ಮೈಕಿನ ಸಾಲಿಗೆ ಬಂದಾಗಲೆಲ್ಲ ನನಗೆ ಟೈಲರ್‌ನ ಆ ಕೋಣೆ ನೆನಪಾಗುತ್ತದೆ.

ರೋಗಿಯ ಮಾತಿಗೆ ಕಿವಿಗೊಡುವುದೂ ಸುರಕ್ಷತೆಯ ಒಂದು ಭಾಗ ಎಂದು ನಾನು ಹೇಳುವುದು ಇದಕ್ಕಾಗಿಯೇ. ಗಂಟಲಿನ ಕ್ಯಾನ್ಸರಿಗೆ ಬರುತ್ತಿದ್ದ ಮಳವಳ್ಳಿ ಕಡೆಯ ಹಿರಿಯರೊಬ್ಬರ ಹೆಂಡತಿ ಒಂದು ದಿನ ಕಾರಿಡಾರಿನಲ್ಲಿ ನನ್ನನ್ನು ತಡೆದು, ದನಿ ತಗ್ಗಿಸಿ ಹೇಳಿದರು: ‘ಡಾಕ್ಟ್ರಮ್ಮ, ಇವ್ರು ಬೋ ಇಳ್ದೋಗವ್ರೆ. ಮಾಸ್ಕ್ ಆಕುದ್ರೂ ಮೊಕ ಒಳಗೇ ಅಳ್ಳಾಡ್ತದಂತೆ. ಯೋಳುದ್ರೆ ಕರೆಂಟ್ ನಿಲ್ಲುಸ್ಬುಡ್ತಾರೆ, ಸುಮ್ಕಿರು ಅಂತಾರೆ.’ ತಲೆ ಅಲುಗಾಡದಂತೆ ಮುಖದ ಅಚ್ಚಿಗೇ ಮಾಡಿದ ಆ ಜಾಲರಿ ಮಾಸ್ಕು, ನುಂಗಲಾಗದೆ ತೂಕ ಇಳಿದಾಗ ಸಡಿಲವಾಗುತ್ತದೆ. ಕೆಲವೇ ಮಿಲಿಮೀಟರ್ ಸರಿದರೂ ಬೆನ್ನುಹುರಿಯ ಹತ್ತಿರದ ಲೆಕ್ಕ ಬದಲಾಗುತ್ತದೆ. ವಾರದ ಚಿತ್ರಪರೀಕ್ಷೆಗೆ ಕಾಯದೆ ಅಂದೇ ಚಿತ್ರ ತೆಗೆದೆವು, ಹೊಸ ಮಾಸ್ಕು ಮಾಡಿ, ಮತ್ತೆ ಸಿ.ಟಿ. ತೆಗೆದು ಯೋಜನೆಯನ್ನು ತಿದ್ದಿದೆವು. ಹೊಸ ಮಾಸ್ಕು ಆರುವಾಗ ಆ ತಾಯಿಯನ್ನು ಒಳಗೆ ಕರೆದು, ಅವರ ಯಜಮಾನರ ಕೆನ್ನೆಗೂ ಜಾಲರಿಗೂ ನಡುವೆ ಸಂದಿಲ್ಲದಿರುವುದನ್ನು ತೋರಿಸಿದೆ.

ಯಂತ್ರವನ್ನು ನಿಲ್ಲಿಸುವುದಕ್ಕೂ ಬೆಲೆಯಿದೆ, ಅದನ್ನೂ ಮುಚ್ಚಿಡಬಾರದು. ತಲೆ-ಕುತ್ತಿಗೆ ಮತ್ತು ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಟ್ಟಾರೆ ಲಂಬಿಸಿದಷ್ಟೂ, ದಿನಕ್ಕೆ ಸುಮಾರು ಶೇಕಡಾ 1ರಂತೆ, ರೋಗ ಹತೋಟಿಗೆ ಬರುವ ಸಾಧ್ಯತೆ ಇಳಿಯುತ್ತದೆ. ಆದ್ದರಿಂದ ತಪ್ಪಿದ ದಿನವನ್ನು ಶನಿವಾರ ಕೊಟ್ಟೋ, ಆರು ಗಂಟೆಗಳ ಅಂತರದಲ್ಲಿ ಒಂದೇ ದಿನ ಎರಡು ಸಲ ಕೊಟ್ಟೋ ಸರಿದೂಗಿಸಬೇಕು, ಹೇಗೆ ಸರಿದೂಗಿಸುತ್ತೇವೆಂದು ಅಂದೇ ಹೇಳಿ ಕಳುಹಿಸಬೇಕು.

ನಿಮ್ಮ ಮನೆಯವರು ಈ ಚಿಕಿತ್ಸೆಗೆ ಹೋಗುತ್ತಿದ್ದರೆ ಧೈರ್ಯವಾಗಿ ಕೇಳಿ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇಲ್ಲದೆ ಇಂಥ ಯಂತ್ರವನ್ನು ನಡೆಸುವಂತಿಲ್ಲ, ಪ್ರತಿ ಕೇಂದ್ರದಲ್ಲೂ ವಿಕಿರಣ ಸುರಕ್ಷತಾ ಅಧಿಕಾರಿ ಒಬ್ಬರು ಇರಲೇಬೇಕು. ಅವರು ಯಾರು, ಯಂತ್ರ ಇಂದು ಏಕೆ ನಿಂತಿತು, ತಪ್ಪಿದ ದಿನವನ್ನು ಎಂದು ಕೊಡುತ್ತೀರಿ ಎಂದು ವಿಚಾರಿಸಿ. ಬೆಳಿಗ್ಗೆ ಊರು ಬಿಡುವ ಮುನ್ನ ಯಂತ್ರ ನಡೆಯುತ್ತಿದೆಯೇ ಎಂದು ಕೇಳಲು ಒಂದು ಫೋನ್ ನಂಬರನ್ನೂ ಬರೆಸಿಕೊಳ್ಳಿ.