ಇಂಗ್ಲಿಷ್ ಬರವಣಿಗೆಯ ತರಗತಿ: ಹೊಸಬರಿಗೆ ಹಳಬರ ಮಾತು

ಕನ್ನಡ ಮಾಧ್ಯಮದಿಂದ ಬಂದು ಪದವಿಯ ಮೊದಲ ವರ್ಷ ಇಂಗ್ಲಿಷ್ ಬರವಣಿಗೆಯ ತರಗತಿಗೆ ಸೇರುವವರು ಅದನ್ನು ವ್ಯಾಕರಣದ ಪಾಠ ಎಂದುಕೊಂಡಿರುತ್ತಾರೆ. ನಮ್ಮ ಬ್ಯಾಚಿನಲ್ಲೂ ಹಾಗೇ ಇತ್ತು. ವ್ಯಾಕರಣ ಬರುತ್ತದೆ, ಆದರೆ ಕೊನೆಗೆ. ಮೊದಲು ಬರುವುದು ಬರೆದದ್ದನ್ನೇ ಮತ್ತೆ ಬರೆಯುವ ಕೆಲಸ.

ಶುರುವಿನಲ್ಲೇ ಒಂದು ವಿಷಯ ಕೊಟ್ಟು ಬರೆಯಲು ಹೇಳುತ್ತಾರೆ. ಅದಕ್ಕೆ ಅಂಕವಿಲ್ಲ, ಯಾರಿಗೆ ಎಲ್ಲಿ ತೊಡಕು ಎಂದು ಕಲಿಸುವವರಿಗೆ ತಿಳಿಯಬೇಕು, ಅಷ್ಟೆ. ಗೈಡಿನಿಂದ ಬಾಯಿಪಾಠ ಮಾಡಿದ ಸಾಲುಗಳನ್ನು ಅಲ್ಲಿ ಇಳಿಸಿದರೆ ನಿಮ್ಮ ತಪ್ಪುಗಳು ಅಡಗಿಕೊಂಡು ಪರೀಕ್ಷೆಯ ದಿನ ಎದ್ದು ಬರುತ್ತವೆ.

ಹೈಸ್ಕೂಲಿನಲ್ಲಿ ಕಲಿತ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ವ್ಯರ್ಥವಲ್ಲ. ಆದರೆ ಊರೆಲ್ಲ ಸುತ್ತಿ ವಿಷಯಕ್ಕೆ ಬರುವ ಪೀಠಿಕೆ ಇಲ್ಲಿ ನಡೆಯುವುದಿಲ್ಲ. ಒಂದು ಪ್ಯಾರಾಕ್ಕೆ ಒಂದೇ ವಿಚಾರ, ಅದೂ ಸಾಮಾನ್ಯವಾಗಿ ಮೊದಲ ವಾಕ್ಯದಲ್ಲೇ. ‘ಮಲ್ಪೆ ಸುಂದರವಾದ ಊರು’ ಎಂದು ಶುರು ಮಾಡಿದವರಿಗೆ ಮೂರನೇ ವಾಕ್ಯಕ್ಕೆ ಸರಕು ಮುಗಿಯುತ್ತದೆ. ‘ಮಳೆಗಾಲದ ಮೀನುಗಾರಿಕೆ ನಿಷೇಧದ ಪೆಟ್ಟು ಬಂದರಿನ ದಿನಗೂಲಿಯವರಿಗೂ ಬೀಳುತ್ತದೆ’ ಎಂದು ಶುರು ಮಾಡಿ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಐಸ್ ಪ್ಲಾಂಟಿನವರಿಗೆ, ಮೀನು ಹೊರುವವರಿಗೆ, ಲಾರಿಯವರಿಗೆ ಕೆಲಸ ಎಲ್ಲಿದೆ? ಆರೇಳು ವಾಕ್ಯ ತಾವಾಗಿ ಬರುತ್ತವೆ. ಒಂದು ಪ್ಯಾರಾಕ್ಕೆ ಅಷ್ಟು ಸಾಕು.

ಮೊದಲ ಕರಡಿನಲ್ಲಿ ವಿಚಾರ ಮಾತ್ರ ನೋಡಿ. ಎರಡನೆಯದರಲ್ಲಿ ಕ್ರಮ: ಮೊದಲ ವಾಕ್ಯಕ್ಕೆ ಸಂಬಂಧಪಡದ್ದನ್ನು, ಎಷ್ಟೇ ಚಂದ ಇರಲಿ, ಹೊಡೆದು ಹಾಕಿ. ಸ್ಪೆಲಿಂಗ್, ವ್ಯಾಕರಣ ಮೂರನೆಯದರಲ್ಲಿ. ಮೊದಲೇ ಸ್ಪೆಲಿಂಗ್ ತಿದ್ದುತ್ತ ಕೂತರೆ ಆಮೇಲೆ ಆ ವಾಕ್ಯವನ್ನು ಬಿಡಲಿಕ್ಕೆ ಮನಸ್ಸೇ ಬರುವುದಿಲ್ಲ. ಒಂದು ಗೆರೆ ಬಿಟ್ಟು ಒಂದು ಗೆರೆ, ಹಾಳೆಯ ಒಂದೇ ಬದಿಗೆ ಬರೆಯಿರಿ. ತಿದ್ದಲು ಜಾಗ ಬೇಕು.

ಮನೆಯಲ್ಲಿ ತುಳು ಇರಲಿ, ಕೊಂಕಣಿ ಇರಲಿ, ಬ್ಯಾರಿ ಇರಲಿ, ಕನ್ನಡವೇ ಇರಲಿ, ನಮ್ಮ ಕಡೆಯವರ ತಪ್ಪುಗಳು ಬಹುಪಾಲು ಒಂದೇ. ಈ ನಾಲ್ಕರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ. ‘ದಿ’ಗೆ ಸಮನಾದ ಪದವೂ ಇಲ್ಲ. ಅದಕ್ಕೇ ‘ದಿ’ ಬೇಕಾದಲ್ಲಿ ಬಿಡುತ್ತೇವೆ, ಬೇಡದಲ್ಲಿ ಹಾಕುತ್ತೇವೆ. ಇನ್ನೊಂದು, ‘ಎದ್ದು, ಮಿಂದು, ಬಸ್ ಹಿಡಿದು, ಸ್ಟೇಟ್ ಬ್ಯಾಂಕ್ ಸ್ಟಾಪಿನಲ್ಲಿ ಇಳಿದು ಕಾಲೇಜಿಗೆ ಬಂದೆ’ ಎಂಬ ಸರಪಳಿ. ಕನ್ನಡದಲ್ಲಿ ಅದು ಒಂದೇ ವಾಕ್ಯ. ಇಂಗ್ಲಿಷಿಗೆ ತಂದಾಗ ಐದು ಪೂರ್ಣ ವಾಕ್ಯಗಳು ಬರೀ ಅಲ್ಪವಿರಾಮದಿಂದ ಅಂಟಿಕೊಂಡು ಕೂರುತ್ತವೆ. ಮೂರನೇ ಕರಡಿನಲ್ಲಿ ಪ್ರತಿ ಕ್ರಿಯಾಪದಕ್ಕೂ ಸುತ್ತು ಹಾಕಿ. ತನ್ನದೇ ಕರ್ತೃ ಇರುವ ಎರಡು ಕ್ರಿಯಾಪದಗಳ ನಡುವೆ ಅಲ್ಪವಿರಾಮ ಮಾತ್ರ ಇದ್ದರೆ ಪೂರ್ಣವಿರಾಮ ಹಾಕಿ, ಇಲ್ಲವೇ ‘ಆ್ಯಂಡ್’, ‘ಬಿಕಾಸ್’ ಸೇರಿಸಿ. ‘ಇನ್ಫರ್ಮೇಶನ್’, ‘ಅಡ್ವೈಸ್’, ‘ಫರ್ನಿಚರ್’ ಎಣಿಸಲು ಬಾರದ ನಾಮಪದಗಳು, ಅವಕ್ಕೆ ‘ಎಸ್’ ಹಚ್ಚಬೇಡಿ. ಕಲಿಯುವವರಿಗೆಂದೇ ಮಾಡಿದ ನಿಘಂಟುಗಳಲ್ಲಿ ಎಣಿಸಲು ಬರುವ ನಾಮಪದಕ್ಕೆ ‘ಸಿ’, ಬಾರದ್ದಕ್ಕೆ ‘ಯು’ ಎಂಬ ಗುರುತು ಇರುತ್ತದೆ.

ಪೇಪರ್ ವಾಪಸು ಬಂದಾಗ ಸರಿಯುತ್ತರ ಬರೆದಿರುವುದಿಲ್ಲ. ಅಂಚಿನಲ್ಲಿ ‘ಎಸ್‌ಪಿ’ ಅಂದರೆ ಸ್ಪೆಲಿಂಗ್, ‘ವಿಟಿ’ ಅಂದರೆ ಕ್ರಿಯಾಪದದ ಕಾಲ, ಹೀಗೆ ಬರೀ ಗುರುತು. ಹುಡುಕಿ ತಿದ್ದುವುದು ನಿಮ್ಮ ಕೆಲಸ. ಯಾವ ಗುರುತು ಎಷ್ಟು ಸಲ ಬಂತೆಂದು ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಇಡಿ, ಹೆಚ್ಚು ಬಂದ ಎರಡನ್ನು ಮೊದಲು ಹಿಡಿಯಿರಿ.

ಪಕ್ಕದವರ ಕರಡು ಓದುವ ತರಗತಿಯೂ ಉಂಟು. ‘ಲಾಯ್ಕ ಉಂಟು ಮಾರಾಯ’ ಎಂಬ ಅಭಿಪ್ರಾಯದಿಂದ ಪ್ರಯೋಜನವಿಲ್ಲ. ಯಾವ ವಾಕ್ಯವನ್ನು ಎರಡು ಸಲ ಓದಬೇಕಾಯಿತು ಎಂದು ಕೇಳಿ.

ಕನ್ನಡದಲ್ಲಿ ಬರೆದು ಮೊಬೈಲಿನಲ್ಲಿ ಅನುವಾದಿಸುವವರಿಗೆ ಒಂದು ಎಚ್ಚರಿಕೆ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟರೂ ವಾಕ್ಯ ನಿಲ್ಲುತ್ತದೆ. ಯಂತ್ರ ಅಲ್ಲಿ ‘ಹಿ’ಯೋ ‘ಶಿ’ಯೋ ‘ಇಟ್’ಓ ಊಹಿಸಬೇಕು. ಗೌರವದ ‘ಅವರು’ ಹಲವು ಸಲ ‘ದೇ’ ಆಗಿಬಿಡುತ್ತದೆ, ಅಜ್ಜಿ ಒಬ್ಬರೇ ಇದ್ದರೂ.

ಮುಂದೆ ವಿದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವವರಿಗೆ, ಬರವಣಿಗೆಯ ಭಾಗದ ಎರಡನೇ ಪ್ರಶ್ನೆಯಾದ ಪ್ರಬಂಧಕ್ಕೆ ಸಿಗುವುದು ಸುಮಾರು 40 ನಿಮಿಷ, ಬರೆಯಬೇಕಾದದ್ದು ಕನಿಷ್ಠ 250 ಪದ. ಮೂರು ಕರಡಿಗೆ ಅಲ್ಲಿ ಸಮಯವಿಲ್ಲ, ಐದು ನಿಮಿಷ ಟಿಪ್ಪಣಿ ಮಾಡಿ ಬರೆಯಿರಿ. ಅಮೆರಿಕದ ಕಾಲೇಜುಗಳಿಗೆ ಹೋಗುವವರಿಗೆ ಅಲ್ಲೂ ಮೊದಲು ಇಂಥದೇ ತರಗತಿ ಕಾದಿರಬಹುದು. ಅಲ್ಲಿ ಬೇರೆಯವರ ಸಾಲನ್ನು ಮೂಲ ಹೇಳದೆ ಬಳಸಿದರೆ ಇಡೀ ಪ್ರಬಂಧಕ್ಕೇ ಸೊನ್ನೆ ಬೀಳಬಹುದು.